ಕರ್ತವ್ಯ ಗೊತ್ತು, ಕೊನೆಯ ದಿನಾಂಕ ಹೇಳಿ

2024ರ ಏಪ್ರಿಲ್‌ನಲ್ಲಿ ಬೆಂಗಳೂರಿನಿಂದ ಅಕ್ಕನ ಮಗಳು ಫೋನ್ ಮಾಡಿದ್ದಳು. ಅವಳು ಮೊದಲ ಸಲ ಮತ ಹಾಕಬೇಕಿದ್ದ ಚುನಾವಣೆ. "ಮಾಮ, ಲಿಸ್ಟ್‌ನಲ್ಲಿ ನನ್ನ ಹೆಸರೇ ಇಲ್ಲ. ಈಗ ಸೇರಿಸೋಕೂ ಆಗಲ್ವಂತೆ" ಅಂದಳು. ಬಸ್ಸಿನ ಮೇಲೆ, ಕಾಲೇಜಿನ ಗೋಡೆಯ ಮೇಲೆ, ಫೋನಿನಲ್ಲಿ 'ತಪ್ಪದೇ ಮತದಾನ ಮಾಡಿ' ಅನ್ನುವ ಜಾಹೀರಾತು ನೋಡಿ ನೋಡಿ ಅವಳಿಗೆ ಬಾಯಿಪಾಠವಾಗಿತ್ತು. ಆದರೆ ಪಟ್ಟಿಗೆ ಹೆಸರು ಸೇರಿಸೋಕೆ ಫಾರ್ಮ್ 6 ತುಂಬಬೇಕು, ಇಂಥ ದಿನದೊಳಗೆ ತುಂಬಬೇಕು ಅಂತ ಅವಳು ನೋಡಿದ ಯಾವ ಜಾಹೀರಾತೂ ಹೇಳಿರಲಿಲ್ಲ. ಇಷ್ಟು ದೂರದಲ್ಲಿ ಕೂತು ನನಗೆ ಹೊಟ್ಟೆ ಉರಿಯಿತು.

ಅದೇ ವರ್ಷ ನವೆಂಬರ್‌ನಲ್ಲಿ ಇಲ್ಲಿ, ಅಮೆರಿಕದ ಮಿಷಿಗನ್‌ನಲ್ಲಿ, ನನ್ನ ಮಗನ ಮೊದಲ ಮತ. ಅವನ ಕಾಲೇಜಿನ ಹುಡುಗಿಯೊಬ್ಬಳು ಅವನಿಗೆ ಮೆಸೇಜ್ ಕಳಿಸಿದ್ದಳು. ಹೆಸರು ಹಿಡಿದು ಕರೆದು ಕೇಳಿದ್ದು ಇಷ್ಟೇ: ಮಂಗಳವಾರ ಎಷ್ಟು ಗಂಟೆಗೆ ಹೋಗ್ತೀಯ? ಕ್ಲಾಸಿಗೆ ಮುಂಚೆನಾ, ಆಮೇಲಾ? ಜೊತೆಗೆ ಯಾರು ಬರ್ತಾರೆ? ಕೆಳಗೆ ಮತಗಟ್ಟೆಯ ವಿಳಾಸ. ದೇಶ, ಪ್ರಜಾಪ್ರಭುತ್ವ, ಭವಿಷ್ಯ ಯಾವುದರ ಮಾತೂ ಇಲ್ಲ. ಇವನು "ಹನ್ನೊಂದಕ್ಕೆ, ರೂಮ್‌ಮೇಟ್ ಜೊತೆ" ಅಂತ ಬರೆದ. ಬರೆದ ಮೇಲೆ ಹೋಗದೆ ಇರೋಕಾಗುತ್ತಾ? ಹೋದ.

ನನಗೆ ಕಾಣುವ ವ್ಯತ್ಯಾಸ ಇದೇ. ನಮ್ಮ ಜಾಹೀರಾತು ವೇದಿಕೆ ಹತ್ತಿ ಮೈಕ್ ಹಿಡಿದು ಎಲ್ಲರಿಗೂ ಹೇಳುತ್ತದೆ. ಚುನಾವಣೆ ಹಬ್ಬ, ಮತ ಪವಿತ್ರ, ಯುವಕರೇ ದೇಶದ ಶಕ್ತಿ. 2024ರಲ್ಲಿ ಚುನಾವಣಾ ಆಯೋಗದ ಘೋಷವಾಕ್ಯವೂ ಹಬ್ಬ ಮತ್ತು ಹೆಮ್ಮೆಯದೇ ಆಗಿತ್ತು. ಹದಿನೆಂಟರ ಹುಡುಗರು ಇಂಥ ಮಾತನ್ನು ಶಾಲೆಯ ಪ್ರಾರ್ಥನೆ ಸಾಲಿನಲ್ಲಿ ನಿಂತಾಗಿನಿಂದ ಕೇಳುತ್ತಾ ಬಂದಿದ್ದಾರೆ. ಒಪ್ಪುತ್ತಾರೆ, ತಲೆಯಾಡಿಸುತ್ತಾರೆ, ಮುಂದೆ ಹೋಗುತ್ತಾರೆ. ಎಲ್ಲರಿಗೂ ಹೇಳಿದ ಮಾತು ತನಗೇ ಹೇಳಿದ್ದು ಅಂತ ಯಾರಿಗೂ ಅನಿಸುವುದಿಲ್ಲ.

ಇನ್ನೊಂದು ನಂಬಿಕೆ ದೊಡ್ಡ ಮುಖಗಳದ್ದು. 2019ರಲ್ಲಿ ಕರ್ನಾಟಕದ ಚುನಾವಣಾ ರಾಯಭಾರಿ ರಾಹುಲ್ ದ್ರಾವಿಡ್. ಮತ ಹಾಕಿ ಅಂತ ಊರಿಗೆಲ್ಲ ಹೇಳಿದ ಅವರಿಗೇ ಆ ಸಲ ಮತ ಹಾಕಲು ಆಗಲಿಲ್ಲ. ಮನೆ ಬದಲಾಗಿತ್ತು. ಹಳೆಯ ವಿಳಾಸದಿಂದ ಹೆಸರು ತೆಗೆದಿದ್ದರು, ಹೊಸ ವಿಳಾಸದಲ್ಲಿ ಸಮಯಕ್ಕೆ ಸೇರಿರಲಿಲ್ಲ. ಅವರಿಗೆ ಮನಸ್ಸಿರಲಿಲ್ಲ ಅಂತ ಯಾರು ಹೇಳುತ್ತಾರೆ? ಅಡ್ಡ ಬಂದದ್ದು ಒಂದು ಫಾರ್ಮು, ಒಂದು ಗಡುವು. ನನ್ನ ಅಕ್ಕನ ಮಗಳಿಗೆ ಆದದ್ದೂ ಅದೇ ಅಲ್ವಾ? ನಾಮಪತ್ರ ಸಲ್ಲಿಸುವ ಕೊನೆಯ ದಿನ ಕಳೆದರೆ ಪಟ್ಟಿಗೆ ಹೆಸರು ಸೇರಿಸುವಂತಿಲ್ಲ. ಜಾಹೀರಾತಿನ ಅಬ್ಬರ ಜಾಸ್ತಿ ಆಗುವುದು ಮಾತ್ರ ಅದಾದ ಮೇಲೆ.

ನಾನಿರುವ ಈ ರಾಜ್ಯದಲ್ಲೇ 2006ರಲ್ಲಿ, ಎಂಥ ಪತ್ರ ಕಳಿಸಿದರೆ ಜನ ಮತ ಹಾಕಲು ಹೋಗುತ್ತಾರೆ ಅಂತ ನೋಡಲು, ಒಂದು ದೊಡ್ಡ ಪ್ರಯೋಗ ನಡೆಯಿತು. ಮತದಾನ ನಿಮ್ಮ ಕರ್ತವ್ಯ ಅಂತಷ್ಟೇ ಬರೆದ ಪತ್ರ ಹೋದ ಮನೆಗಳಲ್ಲಿ ಮತದಾನ ಹೆಚ್ಚಿದ್ದು ಶೇಕಡಾ 2 ಅಂಕಕ್ಕಿಂತಲೂ ಕಡಿಮೆ. ನೀವು ಮತ ಹಾಕಿದಿರಾ ಇಲ್ಲವಾ ಅಂತ ನೆರೆಯವರಿಗೂ ತಿಳಿಸುತ್ತೇವೆ ಅಂದ ಪತ್ರ ಸುಮಾರು 8 ಅಂಕ ಹೆಚ್ಚಿಸಿತು. ಅಂಥ ಧಾಟಿಯ ಪತ್ರ ನಮ್ಮ ಮನೆಗೂ ಬಂದಿತ್ತು. ನನಗೆ ಅದು ಹಿಡಿಸಲಿಲ್ಲ. ಹೆದರಿಸಿ ಕಳಿಸುವುದು ನಮ್ಮೂರಿಗೆ ಬೇಡವೇ ಬೇಡ. ಗೆಳೆಯರು ಕೇಳುವ ರೀತಿ ಬರಲಿ, ಸಾಕು.

ಒಂದು ಮಾತು ಒಪ್ಪಿಕೊಳ್ಳಬೇಕು. ಇಲ್ಲಿ ಇಷ್ಟು ಬೆನ್ನು ಹತ್ತುವುದಕ್ಕೆ ಕಾರಣವೂ ಇದೆ. ಮತದಾನದ ಮಂಗಳವಾರ ದೇಶಕ್ಕೆಲ್ಲ ರಜೆ ಇರುವುದಿಲ್ಲ. ಕೆಲಸ, ಕ್ಲಾಸು ಬಿಟ್ಟು ಹೋಗಬೇಕು. ನಮ್ಮಲ್ಲಿ ಸಂಬಳ ಸಹಿತ ರಜೆ, ಹತ್ತಿರದಲ್ಲೇ ಬೂತು, ಮನೆಗೇ ಬರುವ ಚೀಟಿ. ಮತ ಹಾಕಿದೆ ಅಂತ ಇಲ್ಲಿಯವರು ಎದೆಗೆ ಅಂಟಿಸಿಕೊಳ್ಳುವ ಸ್ಟಿಕ್ಕರ್ ಸಂಜೆಗೆ ಉದುರುತ್ತದೆ. 1962ರಿಂದ ಮೈಸೂರಿನಲ್ಲಿ ತಯಾರಾಗಿ ಬರುವ ಶಾಯಿ ವಾರಗಟ್ಟಲೆ ಬೆರಳ ಮೇಲಿರುತ್ತದೆ. ಹುಡುಗರು ಅದರ ಸೆಲ್ಫಿ ಹಾಕುತ್ತಾರಲ್ಲ, ಅದಕ್ಕಿಂತ ಒಳ್ಳೆಯ ಜಾಹೀರಾತು ನಾನು ಇಲ್ಲಿ ನೋಡಿಲ್ಲ.

ದಾರಿ ನಮ್ಮವರಿಗೆ ಗೊತ್ತಿಲ್ಲ ಅಂತಲೂ ಅಲ್ಲ. 2008ರ 'ಜಾಗೋ ರೇ' ಚಹಾ ಜಾಹೀರಾತು, ಮತ ಹಾಕದಿದ್ದರೆ ನೀವು ನಿದ್ದೆ ಮಾಡುತ್ತಿದ್ದೀರಿ ಅಂತ ಗದರಿತ್ತು, ನಿಜ. ಆದರೆ ಹೆಸರು ನೋಂದಾಯಿಸಲು ವೆಬ್‌ಸೈಟನ್ನೂ ತೋರಿಸಿತ್ತು. ಬೆಂಗಳೂರಿನ ಜನಾಗ್ರಹ ಅನ್ನುವ ಸಂಸ್ಥೆ ಅದರ ಜೊತೆಗಿತ್ತು. ಆ ಎರಡನೆಯ ಅರ್ಧವನ್ನು ಯಾಕೆ ಬಿಟ್ಟುಬಿಟ್ಟೆವು? 2024ರಲ್ಲಿ ಬೆಂಗಳೂರು ದಕ್ಷಿಣದಲ್ಲಿ ಮತ ಬಿದ್ದದ್ದು ಶೇ 53ರಷ್ಟು. ಇಡೀ ರಾಜ್ಯದಲ್ಲಿ ಸುಮಾರು ಶೇ 70.

ಈಗ ಹದಿನೇಳು ತುಂಬಿದವರೂ ಮುಂಚಿತವಾಗಿ ಅರ್ಜಿ ಹಾಕಬಹುದು. ಹದಿನೇಳು ಅಂದರೆ ದ್ವಿತೀಯ ಪಿಯುಸಿ. ಹಾಲ್ ಟಿಕೆಟ್ ಕೊಡುವ ದಿನ ಅದೇ ಕೋಣೆಯಲ್ಲಿ ಫಾರ್ಮ್ 6 ಕೂಡ ತುಂಬಿಸಲಿ. ಹಿಂದಿನ ವರ್ಷ ತುಂಬಿದ ಸೀನಿಯರ್ ಒಬ್ಬಳು ಬಂದು, ಯಾವ ದಾಖಲೆ ಬೇಕು, ಪಿಜಿಯಲ್ಲಿ ಇರುವವರು ಯಾವ ವಿಳಾಸ ಕೊಡಬೇಕು ಅಂತ ಹೇಳಿಕೊಡಲಿ. ಆಮೇಲೆ ಚುನಾವಣೆ ಬಂದಾಗ ಅವಳೇ ಒಂದು ವಾಟ್ಸ್ಆ್ಯಪ್ ಮೆಸೇಜ್ ಹಾಕಲಿ: ಎಷ್ಟು ಗಂಟೆಗೆ ಹೋಗ್ತೀಯ?