ಫಿಶಿಂಗ್ ಪ್ಯಾಕೇಜಿಗೆ ಅಡ್ವಾನ್ಸ್ ಹಾಕೋ ಮೊದಲು

ಮಳೆಗಾಲ ಮುಗಿಯೋದೇ ತಡ, ಹುಬ್ಬಳ್ಳಿ-ಧಾರವಾಡದ ಮಂದಿಯ ಫೋನಿಗೆ ಒಂದೇ ನಮೂನಿ ಜಾಹೀರಾತು ಬರಲು ಶುರುವಾಗುತ್ತವೆ. ಹೊಳೆ ದಂಡೆಯ ಜಂಗಲ್ ರೆಸಾರ್ಟ್, ಎರಡು ದಿನ ಒಂದು ರಾತ್ರಿ, ಊಟ, ಕ್ಯಾಂಪ್‌ಫೈರ್, ಎಲ್ಲಕ್ಕೂ ಕೆಳಗೆ ಸಣ್ಣ ಅಕ್ಷರದಲ್ಲಿ ‘ಗೈಡ್ ಜೊತೆ ಫಿಶಿಂಗ್’. ಫೋನ್ ಹಚ್ಚಿ ಕೇಳಿದರೆ ಉತ್ತರವೂ ಒಂದೇ: “ಹಿಡೀಬಹುದ್ರಿ ಸರ್, ಹಿಡಿದದ್ದನ್ನ ಅಲ್ಲೇ ಫ್ರೈ ಮಾಡಿ ಕೊಡ್ತೇವ್ರಿ.”

ಈ ಮಾತು ಕಿವಿಗೆ ಬಿದ್ದ ಕೂಡಲೇ ಫೋನ್ ಇಟ್ಟುಬಿಡಬೇಕು ಅನ್ನೋದು ನನ್ನ ಅಭಿಪ್ರಾಯ. ಫ್ರೈ ತಪ್ಪು ಅಂತಲ್ಲ. ಕಾಡಿನ ಹೊಳೆ, ಅದರ ಮೀನು, ಅದರ ಕಾನೂನು ಮೂರೂ ಗೊತ್ತಿಲ್ಲದವರು ಮಾತ್ರ ಹೀಗೆ ಮಾತಾಡುತ್ತಾರೆ. ಅಂಥವರು ಕಳಿಸೋ ಗೈಡ್ ಎಂಥವನಿರಬಹುದು ಅಂತ ನೀವೇ ಊಹಿಸಿ.

ಮೊದಲು ಕೇಳಬೇಕಾದ್ದು, ನೀರು ಯಾರದು? ನಮಗೆ ಹತ್ತಿರದ ಕಾಡಿನ ಹೊಳೆ ಅಂದರೆ ಕಾಳಿ. ಹಳಿಯಾಳ ದಾಟಿದರೆ ದಾಂಡೇಲಿ. ಆದರೆ ಆ ಹೊಳೆಯ ಬಹಳಷ್ಟು ಭಾಗ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಒಳಗೆ, ಇಲ್ಲವೇ ಅದರ ಅಂಚಿಗೆ ಹರಿಯುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ಅಭಯಾರಣ್ಯದೊಳಗಿನ ಜಿಂಕೆ ಬೇರೆ, ಮೀನು ಬೇರೆ ಅಲ್ಲ. ಕಾವೇರಿ ಕಡೆ ಏನಾಯಿತು ನೋಡ್ರಿ. ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆ ಕ್ಯಾಂಪುಗಳಿಗೆ ಬರೀ ಗಾಳ ಹಾಕಲಿಕ್ಕೆ ಅಂತ ವಿದೇಶದಿಂದ ಮಂದಿ ಬರುತ್ತಿದ್ದರು. ಅವು ಕಾವೇರಿ ವನ್ಯಜೀವಿಧಾಮದ ಒಳಗಿವೆ ಅನ್ನೋ ಕಾರಣಕ್ಕೆ 2010ರ ದಶಕದ ಶುರುವಿನಲ್ಲೇ ಅಲ್ಲಿ ಗಾಳ ನಿಂತಿತು, ಹಿಡಿದು ವಾಪಸ್ ಬಿಡುತ್ತಿದ್ದರೂ ಸಹ. ಆ ಕ್ಯಾಂಪು ನಡೆಸುತ್ತಿದ್ದ ಸರ್ಕಾರಿ ಜಂಗಲ್ ಲಾಡ್ಜಸ್ ಸಂಸ್ಥೆಗೇ ಸಿಗದ ಅನುಮತಿ ನಿಮ್ಮ ರೆಸಾರ್ಟಿನ ಹಿತ್ತಲಿಗೆ ಹೇಗೆ ಸಿಕ್ಕಿತು ಅಂತ ಕೇಳೋದರಲ್ಲಿ ತಪ್ಪೇನಿಲ್ಲ.

ಕಾಡಿನ ಹೊರಗೆ ಮಾತು ಬೇರೆ. ಕೆರೆಗಳಲ್ಲಿ, ಜಲಾಶಯಗಳಲ್ಲಿ, ತುಂಗಭದ್ರೆಯಂಥ ಹೊಳೆಯಲ್ಲಿ ಮೀನುಗಾರಿಕೆಯ ಹಕ್ಕನ್ನು ಗುತ್ತಿಗೆ ಅಥವಾ ಲೈಸೆನ್ಸ್ ಮೇಲೆ ಕೊಡುತ್ತಾರೆ. ಕೊಡಗಿನಲ್ಲಿ ಅಲ್ಲಿನ ವನ್ಯಜೀವಿ ಸೊಸೈಟಿ ನೋಡಿಕೊಳ್ಳುವ ಕಾವೇರಿಯ ಭಾಗದಲ್ಲಿ, ಪರವಾನಗಿ ತಗೊಂಡು, ಹಿಡಿದ ಮಹಶೀರ್ (ಹೊಳೆಯ ದೊಡ್ಡ ಜಾತಿಯ ಮೀನು) ಬಿಡಬೇಕು ಅನ್ನೋ ಷರತ್ತಿನ ಮೇಲೆ ಗಾಳ ಹಾಕುವ ಪದ್ಧತಿ ಬೆಳೆದು ಬಂದಿದೆ. ಎಲ್ಲೇ ಆಗಲಿ, ಯಾವ ಭಾಗ, ಯಾವ ತಾರೀಖು ಅಂತ ಬರೆದ ಚೀಟಿ ಕೈಗೆ ಬರಬೇಕು. ಬರೀ “ನಮ್ಮ ಕಡೆ ಯಾರೂ ಕೇಳೂದಿಲ್ರಿ” ಅಂದರೆ, ಕೇಳೋ ದಿನ ದಂಡೆ ಮೇಲೆ ನಿಂತಿರೋರು ನೀವು.

“ಬಿಡೋದಾದ್ರ ಹಿಡಿಯೂದ್ಯಾಕ?” ಅನ್ನೋ ಪ್ರಶ್ನೆ ನಮ್ಮ ಕಡೆ ಖಂಡಿತ ಬರುತ್ತದೆ. ನ್ಯಾಯವಾದ ಪ್ರಶ್ನೆಯೇ. ಕೆರೆಯ ಕಾಟ್ಲಾ, ರೋಹು ಬಿತ್ತಿ ಬೆಳೆದ ಬೆಳೆ ಇದ್ದಂಗ. ಮರಿ ತಂದು ಬಿಡುತ್ತಾರೆ, ಒಂದು ವರ್ಷಕ್ಕೆ ಕಿಲೋ ಹತ್ತಿರ ಬರುತ್ತವೆ, ಮುಂದಿನ ವರ್ಷ ಮತ್ತೆ ಬಿಡುತ್ತಾರೆ. ಅದನ್ನು ಹಿಡಿದು ತಿನ್ನಿ, ಯಾರದೂ ತಕರಾರಿಲ್ಲ. ಮಹಶೀರ್ ಹಾಗಲ್ಲ. ನಿಧಾನ ಬೆಳೆಯುವ ಮೀನು, ಕಲ್ಲಿನ ತಳದ ಹರಿಯುವ ನೀರು ಬೇಕು, ಮೊಟ್ಟೆ ಇಡಲಿಕ್ಕೆ ಮಳೆಗಾಲದಲ್ಲಿ ಮೇಲಕ್ಕೆ ಹೋಗಬೇಕು. ನಡುವೆ ಅಣೆಕಟ್ಟು ಬಂತೋ, ದಾರಿ ಬಂದ್. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಅನ್ನೋರು ಕಬಿನಿಯಲ್ಲಿ ಹಿಡಿದ ಮಹಶೀರ್ 120 ಪೌಂಡ್, ಅಂದರೆ ಸುಮಾರು 54 ಕಿಲೋ. ಕಾವೇರಿ ಕೊಳ್ಳದ ಆ ಡುಬ್ಬದ ಮಹಶೀರ್ 2018ರಲ್ಲಿ ಅಳಿವಿನ ತೀರಾ ಅಂಚಿಗೆ ಬಂದಿರುವ ಜೀವಿಗಳ ಪಟ್ಟಿ ಸೇರಿತು. ಅದಕ್ಕೆ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರೂ ಒಂದು ಕಾರಣ. ಒಳ್ಳೇದು ಮಾಡಲಿಕ್ಕೆ ಹೋಗಿ ಆದ ಕೇಡು ಇದು.

ಇನ್ನು ಗೈಡ್. ರೂಮಿನ ಎಸಿ ಕೆಟ್ಟರೆ ಒಂದು ರಾತ್ರಿ ಸೆಕೆ, ಅಷ್ಟೇ. ಗೈಡ್ ಸರಿಯಿಲ್ಲದಿದ್ದರೆ ಇಡೀ ಟ್ರಿಪ್ ದಂಡ. ಇಬ್ಬರಿಗೆ ಒಬ್ಬ ಗೈಡ್ ಇರಬೇಕು. ಆರು ಮಂದಿಗೆ ಒಬ್ಬ ಅಂದರೆ ಅವನು ದಿನವಿಡೀ ಸಿಕ್ಕಿದ ದಾರ ಬಿಡಿಸುತ್ತಲೇ ಇರುತ್ತಾನೆ.

ಬಲ್ಲವನ ಗುರುತು ಗಾಳಕ್ಕೆ ಚುಚ್ಚೋ ರಾಗಿ ಉಂಡೆಯಲ್ಲೇ ಸಿಗುತ್ತದೆ. ರಾಗಿ ಹಿಟ್ಟನ್ನು ಗಟ್ಟಿಯಾಗಿ ನಾದಿ, ದೊಡ್ಡ ನಿಂಬೆಹಣ್ಣಿನಷ್ಟು ಉಂಡೆ ಕಟ್ಟಿ, ಕುದಿಯುವ ನೀರಿನಲ್ಲಿ ಅರ್ಧ ತಾಸು ಬೇಯಿಸಬೇಕು. ಆರಿದ ಮೇಲೆ ಹೆಬ್ಬೆರಳಿನಿಂದ ಒತ್ತಿದರೆ ರಬ್ಬರಿನ ಹಾಗೆ ತಿರುಗಿ ಏಳಬೇಕು. ಬೆರಳು ಒಳಗೆ ಇಳಿದರೆ ಬೆಂದಿಲ್ಲ, ಸೆಳವಿಗೆ ಬಿದ್ದ ಹತ್ತು ನಿಮಿಷಕ್ಕೆ ಕರಗಿ ಖಾಲಿ ಗಾಳ ಉಳಿಯುತ್ತದೆ. ಉಂಡೆಯನ್ನು ಗಾಳದ ಬಾಗಿಗೆ ಒತ್ತಿ, ಮೊನೆ ಮಾತ್ರ ಹೊರಗೆ ಬಿಡಬೇಕು. ಮೊನೆಯೂ ಮುಚ್ಚಿಹೋದರೆ ಮೀನು ಉಂಡೆ ತಿಂದು ಹೋಗುತ್ತದೆ, ಗಾಳ ನಾಟೋದಿಲ್ಲ.

ಗಾಳ ಮುಳುಗಲಿ ಅಂತ ತೂಕಕ್ಕೆ ಸೀಸ ಕಟ್ಟೋ ರೀತಿಯನ್ನೂ ನೋಡಿ. ಕಲ್ಲಿನ ಹೊಳೆಯಲ್ಲಿ ಸೀಸ ಸಂದಿಗೆ ಸಿಗೋದು ಗ್ಯಾರಂಟಿ. ಅದಕ್ಕೇ ಅದನ್ನು ಮುಖ್ಯ ದಾರಕ್ಕಿಂತ ತೆಳ್ಳನೆಯ ತುಂಡು ದಾರದಲ್ಲಿ ನೇತುಹಾಕುತ್ತಾರೆ, ಸಿಕ್ಕರೆ ಸೀಸ ಮಾತ್ರ ಕಡಿದು ಹೋಗಲಿ ಅಂತ. ಹೆಣೆದ ದಾರ, ಅದೇ ಬ್ರೇಡ್, ಗಟ್ಟಿಯೇನೋ ಹೌದು, ಆದರೆ ಕಲ್ಲಿನ ಅಂಚಿಗೆ ತಿಕ್ಕಿದರೆ ನೂಲಿನಂತೆ ಹರಿಯುತ್ತದೆ. ತುದಿಗೆ ಒಂದೂವರೆ ಎರಡು ಮೀಟರ್ ದಪ್ಪ ನೈಲಾನ್ ಇರಲೇಬೇಕು. ಗಂಟು ಎಳೆಯೋ ಮೊದಲು ಉಗುಳು ಹಚ್ಚಬೇಕು. ಒಣ ಗಂಟು ಬಿಗಿಯುವಾಗ ತಿಕ್ಕಿ ಕಾಯುತ್ತದೆ, ನೈಲಾನ್ ಅಲ್ಲೇ ಸೊರಗುತ್ತದೆ. ‘ದೊಡ್ಡ ಮೀನು ದಾರ ಹರಕೊಂಡು ಹೋಯ್ತು’ ಅನ್ನೋ ಕಥೆಗಳಲ್ಲಿ ಎಷ್ಟೋ ಈ ಒಣ ಗಂಟಿನವೇ.

ಎಲ್ಲಕ್ಕಿಂತ ಹೆಚ್ಚು ಕೆಡೋದು ಡ್ರ್ಯಾಗ್. ಮೀನು ಎಳೆದಾಗ ದಾರ ಸುತ್ತಿದ ರೀಲ್ ಎಷ್ಟು ಬಿಗಿಯಾಗಿ ದಾರ ಬಿಡಬೇಕು ಅನ್ನೋ ಹಿಡಿತ ಅದು. ದಾರದ ತಾಕತ್ತಿನ ಕಾಲು ಭಾಗದಿಂದ ಮೂರನೇ ಒಂದು ಭಾಗದೊಳಗೆ ಇರಬೇಕು. 18 ಕಿಲೋ ಎಳೆತ ತಡೆಯೋ ದಾರಕ್ಕೆ ಐದಾರು ಕಿಲೋ ಮೀರಬಾರದು. ಕಣ್ಣಳತೆ ಬೇಡ. ಗ್ಯಾಸ್ ಸಿಲಿಂಡರ್ ತೂಗುವ ಸ್ಪ್ರಿಂಗ್ ತಕ್ಕಡಿಗೆ ದಾರದ ತುದಿ ಕಟ್ಟಿ ಎಳೆದರೆ ತಿಳಿಯುತ್ತದೆ. ಕೆಲಗೇರಿ ಕೆರೆಯಲ್ಲಿ ಬಿದಿರು ಕೋಲು, ಬೆಂಡು, ಎರೆಹುಳ ಹಿಡಿದು ಕಲಿತವರ ಕೈ, ಬೆಂಡು ಮುಳುಗಿದ ಕೂಡಲೇ ಮೇಲಕ್ಕೆ ಜಗ್ಗುತ್ತದೆ. ಜಿಲೇಬಿ ಮೀನಿಗೆ ಅದು ಸರಿ. ಮಹಶೀರ್ ಕಚ್ಚಿದ ಮೇಲೆ ಮೊದಲ ಓಟವೇ ಐವತ್ತು ಅರವತ್ತು ಮೀಟರ್ ಆಗಬಹುದು. ಆಗ ಹ್ಯಾಂಡಲ್ ತಿರುಗಿಸಬಾರದು, ದಾರ ಬಿಚ್ಚಿಕೊಳ್ಳೋ ಸ್ಪೂಲಿಗೆ ಬೆರಳು ಕೊಡಬಾರದು. ಕೋಲು ಎತ್ತಿ ಹಿಡಿದು ಸುಮ್ಮನೆ ನಿಲ್ಲಬೇಕು. ಬಿಗಿ ಮಾಡಿದರೆ ದಾರ ಹರಿದು, ಬಾಯಲ್ಲಿ ಗಾಳ ಇಟ್ಟುಕೊಂಡೇ ಮೀನು ಹೋಗುತ್ತದೆ. ಒಂಟಿ ಗಾಳ ಇರಲಿ, ಅದರ ಒಳಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿರಲಿ.

ಬಿಡುವಾಗ ಆಗುವ ತಪ್ಪು ಇದಕ್ಕಿಂತ ದೊಡ್ಡದು, ಕಣ್ಣಿಗೆ ಮಾತ್ರ ಕಾಣೋದಿಲ್ಲ. 20 ಡಿಗ್ರಿ ನೀರಿನಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಏಳೂವರೆ. ಏಪ್ರಿಲ್ ಮಧ್ಯಾಹ್ನ ಇಪ್ಪತ್ತು ನಿಮಿಷ ಆಡಿಸಿ ಸುಸ್ತು ಮಾಡಿದ ಮೀನಿಗೆ ಉಸಿರು ಸಾಲೋದಿಲ್ಲ. ಫೋಟೋ ತೆಗೆದು ‘ಬಿಟ್ಟೆವು’ ಅಂತ ಖುಷಿಪಡುತ್ತೀರಿ, ಅದು ಕೆಳಗಿನ ಮಡುವಿನಲ್ಲಿ ಸಾಯುತ್ತದೆ. ಹಾಗಾಗಿ ನವೆಂಬರಿನಿಂದ ಫೆಬ್ರುವರಿ, ಅದೂ ಬೆಳಗ್ಗೆ. ಕೈ ತೋಯಿಸಿಕೊಂಡೇ ಮುಟ್ಟಬೇಕು, ಒಣ ಕೈಗೆ ಮೈಮೇಲಿನ ಲೋಳೆ ಕಿತ್ತು ಬರುತ್ತದೆ. ಕಿವಿರಿಗೆ ಬೆರಳು ಹಾಕಿ ನೇತಾಡಿಸೋದು ಬೇಡ. ಸೆಳವಿಗೆ ಮುಖ ಮಾಡಿಸಿ, ಬಾಲದ ಬುಡ ಹಿಡಿದು, ತಾನಾಗಿ ಕೈ ಕೊಡವಿಕೊಂಡು ಹೋಗುವವರೆಗೆ ನೀರಿನಲ್ಲೇ ಆತು ನಿಲ್ಲಿಸಬೇಕು.

ಹಾಗಂತ ಮೊಣಕಾಲು ನೀರಿಗೆ ಎಲ್ಲ ಕಡೆ ಇಳಿಯೋ ಹಾಗಿಲ್ಲ. ದಾಂಡೇಲಿ ಸುತ್ತ ಕಾಳಿಯಲ್ಲಿ ಮೊಸಳೆಗಳಿವೆ, ಗೈಡ್ ತೋರಿಸಿದ ಜಾಗ ಬಿಟ್ಟು ನೀರಿಗೆ ಕಾಲಿಡಬಾರದು. ಸೂಪಾ ಅಣೆಕಟ್ಟಿನ ಕೆಳಗೆ ಇನ್ನೊಂದು ಆಟ. ಕರೆಂಟಿಗಾಗಿ ನೀರು ಬಿಟ್ಟಾಗ ಮೋಡವಿಲ್ಲದ ದಿನವೂ ಹೊಳೆ ಏರುತ್ತದೆ, ಗಣೇಶಗುಡಿಯ ರ್‍ಯಾಫ್ಟಿಂಗ್ ನಡೆಯೋದೇ ಆ ನೀರಿನ ಮೇಲೆ. ಬಂಡೆ ಹತ್ತಿ ಕೂತವರು ದಂಡೆಯ ಒಂದು ಕಲ್ಲಿನ ಮೇಲೆ ಕಣ್ಣಿಟ್ಟಿರಬೇಕು. ಅದು ಮುಳುಗಿತೋ, ಸಾಮಾನು ಬಿಟ್ಟು ಎದ್ದು ಬರಬೇಕು.

ತೆಪ್ಪದಲ್ಲಿ ನಿಲ್ಲೋದಂತೂ ಬೇಡವೇ ಬೇಡ. ಲೈಫ್ ಜಾಕೆಟ್ ಹಾಕಿದರೆ ಸಾಲದು, ಬಕಲ್ ಹಾಕಿರಬೇಕು. ಇನ್ನು ಅಡ್ಡಮಳೆಯ ಗುಡುಗು ದೂರ ಕೇಳಿಸಿದರೂ ಕೋಲು ಕೆಳಗಿಡಿ. ಈಗಿನ ರಾಡುಗಳು ಕಾರ್ಬನ್ನಿನವು, ಮಿಂಚಿನ ಹೊತ್ತಿಗೆ ಎತ್ತಿ ಹಿಡಿದ ತಂತಿಯಷ್ಟೇ ಅಪಾಯ.

ಗಾಳ ಬೆರಳಿಗೆ ನಾಟಿದರೆ ಬಂದ ದಾರಿಯಲ್ಲೇ ಸುಮ್ಮನೆ ಜಗ್ಗಬೇಡಿ. ಬಾಗಿಗೆ ಗಟ್ಟಿ ದಾರದ ಕುಣಿಕೆ ಹಾಕಿ, ಗಾಳದ ಕಡ್ಡಿಯನ್ನು ಚರ್ಮಕ್ಕೆ ಒತ್ತಿ ಹಿಡಿದು, ಮೊನೆ ಹೊಕ್ಕ ದಿಕ್ಕಿಗೆ ವಿರುದ್ಧವಾಗಿ ದಾರವನ್ನು ಒಮ್ಮೆಲೇ ಚಟ್ಟನೆ ಎಳೆದರೆ ಬರುತ್ತದೆ. ಎದುರಿಗೆ ಯಾರೂ ನಿಂತಿರಬಾರದು, ಕಿತ್ತ ಗಾಳ ಹಾರುತ್ತದೆ. ಮುಖಕ್ಕೆ, ಕಣ್ಣಿನ ಹತ್ತಿರ ನಾಟಿದ್ದರೆ ಮುಟ್ಟದೆ, ದಾರ ಕತ್ತರಿಸಿ, ಹಾಗೇ ಆಸ್ಪತ್ರೆಗೆ ಹೋಗಿ. ಟಿಟಿ ಇಂಜೆಕ್ಷನ್ ಹೊರಡೋ ಮೊದಲೇ ಊರಲ್ಲಿ ಮಾಡಿಸಿಕೊಂಡಿದ್ದರೆ ಒಳ್ಳೇದು.