ಭಾಷಣವೇ ವಾರ್ಮಪ್

ಆಟಗಾರರನ್ನು ಗಟ್ಟಿ ಮಾಡೋದು ಹೇಗೆ ಅಂತ ನಮ್ಮ ಮಲೆನಾಡಿನ ಕ್ರೀಡಾಕೂಟ ಸಮಿತಿಗಳನ್ನು ನೋಡಿ ಕಲಿಯಬೇಕು. ಬೆಳಗ್ಗೆ ಎಂಟಕ್ಕೇ ಮಕ್ಕಳನ್ನು ಸಾಲಾಗಿ ನಿಲ್ಲಿಸುತ್ತಾರೆ. ಗಣ್ಯರು ಇನ್ನೂ ತೀರ್ಥಹಳ್ಳಿ ದಾಟಿರುವುದಿಲ್ಲ. ಮೈಕಿನಲ್ಲಿ ಮಾತ್ರ ‘ಇನ್ನೇನು ಬಂದೇಬಿಟ್ಟರು’.

ಹನ್ನೊಂದಕ್ಕೆ ಬರುತ್ತಾರೆ. ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ, ಶಾಲು, ಅಡಿಕೆ ಹಾರ. ಆಮೇಲೆ ಭಾಷಣ. ‘ಈಗಿನ ಮಕ್ಕಳಲ್ಲಿ ಕಸುವೇ ಇಲ್ಲ. ನಾವು ಗುಡ್ಡ ಹತ್ತಿ ಇಳಿದು ಶಾಲೆಗೆ ಹೋಗ್ತಿದ್ವಿ!’ ಇಷ್ಟು ಹೇಳಿದವರು ವೇದಿಕೆಯ ನಾಲ್ಕು ಮೆಟ್ಟಿಲು ಇಳಿಯಲು ಇಬ್ಬರ ಹೆಗಲು ಹಿಡಿಯುತ್ತಾರೆ. ಇಳಿದವರು ಪಂಚೆ ಎತ್ತಿ ಕಟ್ಟಿ, ಫೋಟೋಗೆ ಒಂದು ಕಬಡ್ಡಿ ರೇಡ್ ಮಾಡುತ್ತಾರೆ. ಅಲ್ಲಿಗೆ ಆ ದಿನ ಮೈ ಬಿಸಿ ಮಾಡಿಕೊಂಡವರು ಅವರೊಬ್ಬರೇ.

‘ಸಾರ್, ಇಪ್ಪತ್ತು ನಿಮಿಷ ವಾರ್ಮಪ್ ಮಾಡಿಸ್ಲಾ?’ ಅಂತ ಪಿಟಿ ಮೇಷ್ಟ್ರು ಕೇಳಿದರೆ, ‘ಟೈಮಿಲ್ಲ ಕಣ್ರೀ, ಆಟವೇ ವ್ಯಾಯಾಮ ಅಲ್ವಾ?’

ಫಿಫಾದವರು ಪಾಪ, ಸುಮ್ನೆ ತಲೆ ಕೆಡಿಸಿಕೊಂಡು ‘11+’ ಅಂತ ಇಪ್ಪತ್ತು ನಿಮಿಷದ ವ್ಯಾಯಾಮ ಮಾಡಿದರು. ಓಟ, ಒಂಟಿಕಾಲ ಸಮತೋಲ, ಜಿಗಿದು ಮಂಡಿ ಒಳಕ್ಕೆ ವಾಲದಂತೆ ಇಳಿಯೋದು, ಇಂಥವೇ. 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಇದನ್ನು ಮಾಡಿದ ನಾರ್ವೆಯ ಫುಟ್‌ಬಾಲ್ ಹುಡುಗಿಯರಲ್ಲಿ ಗಂಭೀರ ಗಾಯಗಳು ಹತ್ತಿರ ಹತ್ತಿರ ಅರ್ಧಕ್ಕಿಳಿದಿದ್ದವು. ಅದರಲ್ಲೇ ನಾರ್ಡಿಕ್ ಅಂತ ಇನ್ನೊಂದು ವ್ಯಾಯಾಮವಿದೆ. ಒಬ್ಬ ಮಂಡಿಯೂರಿ ನಿಧಾನವಾಗಿ ಮುಂದಕ್ಕೆ ವಾಲಬೇಕು, ಇನ್ನೊಬ್ಬ ಹಿಂದಿನಿಂದ ಅವನ ಕಾಲು ಹಿಡಿಯಬೇಕು. ತೊಡೆಯ ಹಿಂಭಾಗದ ಸ್ನಾಯು ಗಟ್ಟಿಯಾಗುತ್ತದೆ. ಇದು ನಮ್ಮಲ್ಲಿ ಯಾಕೆ ಬಂದಿಲ್ಲವೋ ಗೊತ್ತಿಲ್ಲ. ಕಾಲು ಹಿಡಿಯೋದರಲ್ಲಿ ಸಮಿತಿಯವರನ್ನು ಮೀರಿಸುವವರುಂಟೇ?

ಮಧ್ಯಾಹ್ನ ರೇಡಿಗೆ ಹೋದ ಹುಡುಗಿ ತಿರುಗುವಾಗ ಮಂಡಿ ‘ಟಕ್’ ಅಂತು. ಪಾದ ಮ್ಯಾಟಿಗೆ ಕಚ್ಚಿತ್ತು, ಮೈ ಮಾತ್ರ ತಿರುಗಿತ್ತು. ಸ್ಪ್ರೇ ಬಂತು. ‘ಏನಾಗಿಲ್ಲ, ಏಳು.’ ಸ್ಪ್ರೇ ಚರ್ಮ ತಣ್ಣಗೆ ಮಾಡುತ್ತದೆ, ಒಳಗೆ ಹರಿದ ಲಿಗಮೆಂಟಿಗೆ (ಮೂಳೆಗಳನ್ನು ಜೋಡಿಸುವ ಪಟ್ಟಿ) ಅದರ ಸುದ್ದಿಯೂ ಮುಟ್ಟುವುದಿಲ್ಲ. ಹರಿದದ್ದು ಮಂಡಿಯೊಳಗಿನ ಎಸಿಎಲ್ ಅನ್ನೋ ಲಿಗಮೆಂಟೇ ಆಗಿ, ಆಪರೇಶನ್ ಆದರೆ, ಅಂಕಣಕ್ಕೆ ಮರಳಲು ಕಮ್ಮಿಯೆಂದರೂ ಒಂಬತ್ತು ತಿಂಗಳು.

ಸಮಿತಿ ಇದನ್ನು ಗಂಭೀರವಾಗಿಯೇ ತೆಗೆದುಕೊಂಡಿದೆ. ಮುಂದಿನ ವರ್ಷ ಎರಡು ಸ್ಪ್ರೇ ತರಿಸುತ್ತಾರಂತೆ. ದಾನಿಗಳ ಫೋಟೋ ಅಂಟಿಸಲು ಜಾಗ ಸಾಲದು ಅಂತ ಸದ್ಯಕ್ಕೆ ದೊಡ್ಡ ಬಾಟಲಿ ಹುಡುಕುತ್ತಿದ್ದಾರೆ.