ಸತ್ಯಾಂಶ: ಡಾರ್ವಿನ್‌ರನ್ನು ಕರೆದೊಯ್ದ ಕ್ಯಾಪ್ಟನ್ ಕೊರಗಿ ಸತ್ತರೇ?

“ಡಾರ್ವಿನ್‌ರನ್ನು ಹಡಗಿಗೆ ಹತ್ತಿಸಿಕೊಂಡ ಪಶ್ಚಾತ್ತಾಪಕ್ಕೆ ‘ಬೀಗಲ್’ ಕ್ಯಾಪ್ಟನ್ ರಾಬರ್ಟ್ ಫಿಟ್ಸ್‌ರಾಯ್ ಆತ್ಮಹತ್ಯೆ ಮಾಡಿಕೊಂಡರು” ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು.

ಇದರಲ್ಲಿ ಒಂದೆಳೆ ನಿಜ. ಅವರು ದೈವಭಕ್ತರು. 1860ರ ಆಕ್ಸ್‌ಫರ್ಡ್ ಸಭೆಯಲ್ಲಿ ಡಾರ್ವಿನ್‌ರ ವಿಕಾಸವಾದವನ್ನು ಎಲ್ಲರೆದುರೇ ವಿರೋಧಿಸಿದ್ದರು. ಆದರೆ ಅವರು ಆತ್ಮಹತ್ಯೆ ಮಾಡಿಕೊಂಡದ್ದು 1865ರಲ್ಲಿ. ಖಿನ್ನತೆಯಂತೂ ಅದಕ್ಕಿಂತ ತುಂಬಾ ಹಳೆಯದು. 1834ರಲ್ಲೇ, ಚಿಲಿಯಲ್ಲಿ, ಮನಸ್ಸು ಕುಗ್ಗಿ ಹಡಗಿನ ಹೊಣೆಯನ್ನೇ ಬಿಡಲು ಹೊರಟಿದ್ದರು. ವಿಕಾಸವಾದದ ಬಗ್ಗೆ ಡಾರ್ವಿನ್‌ರ ಪುಸ್ತಕ ಬಂದದ್ದು 1859ರಲ್ಲಿ, ಅಲ್ವಾ?

ಕೊನೆಯ ವರ್ಷಗಳಲ್ಲಿ ಅವರನ್ನು ಹಿಂಡಿದ್ದು ಹವಾಮಾನದ ಕೆಲಸ. 1854ರಲ್ಲಿ ಬ್ರಿಟಿಷ್ ಸರ್ಕಾರ ತೆರೆದ ಹವಾಮಾನ ವಿಭಾಗಕ್ಕೆ ಅವರೇ ಮೊದಲ ಮುಖ್ಯಸ್ಥರು. 1859ರ ಬಿರುಗಾಳಿಗೆ ವೇಲ್ಸ್ ತೀರದಲ್ಲಿ ‘ರಾಯಲ್ ಚಾರ್ಟರ್’ ಹಡಗು ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಅದಾದ ಮೇಲೆ ಫಿಟ್ಸ್‌ರಾಯ್ ಸುಮ್ನೆ ಕೂರಲಿಲ್ಲ. ಕರಾವಳಿಯಿಂದ ಟೆಲಿಗ್ರಾಫ್‌ನಲ್ಲಿ ವರದಿ ತರಿಸಿ, 1861ರಿಂದ ಬಂದರುಗಳಿಗೆ ಬಿರುಗಾಳಿಯ ಎಚ್ಚರಿಕೆ ಕಳಿಸಿದರು. ಕಂಬಕ್ಕೆ ಏರಿಸಿದ ಗುರುತು ನೋಡಿ ಮೀನುಗಾರರು ದಡದಲ್ಲೇ ಉಳಿಯಬಹುದಿತ್ತು. ಎಷ್ಟು ದೊಡ್ಡ ಕೆಲಸ ಇದು! ಅದೇ ವರ್ಷ ಪತ್ರಿಕೆಯಲ್ಲಿ ದಿನದ ಮುನ್ಸೂಚನೆಯೂ ಶುರುವಾಯಿತು. ಅದು ತಪ್ಪಿದಾಗ ಟೀಕೆ ಜಾಸ್ತಿಯಾಯಿತು. ಜೊತೆಗೆ ಕಿವಿ ಮಂದವಾಯಿತು, ಆರೋಗ್ಯ ಕೆಟ್ಟಿತು. ಸ್ವಂತ ಹಣವನ್ನೂ ಸರ್ಕಾರಿ ಕೆಲಸಕ್ಕೇ ಸುರಿದಿದ್ದರು.

ಅವರ ಕುಟುಂಬಕ್ಕಾಗಿ ಆಮೇಲೆ ಹಣ ಸಂಗ್ರಹಿಸಿದಾಗ ಡಾರ್ವಿನ್ 100 ಪೌಂಡ್ ಕೊಟ್ಟರು.